ಮಾರ್ಷ್‌ಮ್ಯಾಲೋ ಮತ್ತು ಹುರಿಹಿಟ್ಟು

ಕಳೆದ ಮಾವಿನ ಸುಗ್ಗಿಯ ಒಂದು ಶನಿವಾರ ಬೆಳಗ್ಗೆ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಇಡ್ಲಿ ತಟ್ಟೆಗಳಿದ್ದವು; ಅವುಗಳಲ್ಲಿ ಇಡ್ಲಿ ಇರಲಿಲ್ಲ, ಮಾರ್ಷ್‌ಮ್ಯಾಲೋ ಇತ್ತು. ಅದೇನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ, ಗೊತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಿರಿ: ಸಕ್ಕರೆಯ ಪಾಕದೊಳಗೆ ಗಾಳಿಯನ್ನು ಕೂಡಿಹಾಕಿ ಮಾಡುವ, ಬೆರಳಿನಿಂದ ಒತ್ತಿದರೆ ಕುಗ್ಗಿ ಬಿಟ್ಟರೆ ಉಬ್ಬುವ, ಪುಟ್ಟ ದಿಂಬಿನಂಥ ಒಂದು ಸಿಹಿ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಗಾಳಿಯ ಗುಣಲಕ್ಷಣಗಳೆಲ್ಲ ಬಾಯಿಪಾಠ. ಅದನ್ನು ತಿನ್ನಲೂಬಹುದು ಎಂದು ತಿಳಿದದ್ದು ಮಾತ್ರ ನಿವೃತ್ತಿಯ ನಂತರ, ಮೊಬೈಲಿನಲ್ಲಿ.

ಅರವತ್ತನಾಲ್ಕರ ಒಬ್ಬಂಟಿ ಗಂಡಸಿಗೆ ಈ ತಿಂಡಿ ಯಾಕೆ ಬೇಕಾಯಿತು ಎಂದು ನೀವು ಕೇಳುವುದು ನ್ಯಾಯವೇ. ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹುಲ್ಲಿನಲ್ಲಿ ಹಾಕಿದ ಬಾದಾಮಿ ಮಾವು ಹಣ್ಣಾದ ಮೊದಲ ಶನಿವಾರ ನನ್ನ ಹೆಂಡತಿ ಸರೋಜಳ ಒಡಹುಟ್ಟಿದವರು ಊಟಕ್ಕೆ ಬರುತ್ತಿದ್ದರು: ಬೈರಕೂರಿನಲ್ಲಿ ಟೊಮೇಟೊ ಬೆಳೆಯುವ ತಮ್ಮ ಶ್ರೀರಾಮಪ್ಪ, ಮಾಲೂರಿಗೆ ಕೊಟ್ಟಿರುವ ತಂಗಿ ಪ್ರಮೀಳ. ಸರೋಜ ಮುದ್ದೆ, ಬಸ್ಸಾರು, ಮಾವಿನ ಸೀಕರಣೆ ಮಾಡುತ್ತಿದ್ದಳು. ಅವರು ಉಂಡು, ಮಲಗಿ, ಎದ್ದು, ಹಣ್ಣು ಕಟ್ಟಿಸಿಕೊಂಡು ಹೋಗುತ್ತಿದ್ದರು. ನಾನು ಮಾಡುತ್ತಿದ್ದ ಕೆಲಸವೆಂದರೆ ಗೇಟು ತೆಗೆಯುವುದು.

ಸರೋಜ ತೀರಿಕೊಂಡು ಎಂಟು ತಿಂಗಳಾಗಿತ್ತು. ನಮಗೆ ಮಕ್ಕಳಿಲ್ಲ. ಅಕ್ಕನೇ ಇಲ್ಲವಾದ ಮೇಲೆ ಅಕ್ಕನ ಗಂಡ ಎನ್ನುವ ಪದವಿ ಎಷ್ಟು ದಿನ ಊರ್ಜಿತದಲ್ಲಿರುತ್ತದೆ ಎನ್ನುವ ಬಗ್ಗೆ ಸರ್ಕಾರದ ಸುತ್ತೋಲೆ ಯಾವುದೂ ಇಲ್ಲ. ಈ ಸಲವೂ ಬನ್ನಿ ಎಂದು ಫೋನು ಮಾಡಿದಾಗ ಪ್ರಮೀಳ, “ನೋಡೋಣ ಭಾವ, ನಿಮಗ್ಯಾಕೆ ತೊಂದ್ರೆ” ಎಂದಳು. ನಮ್ಮ ಕಡೆ ಯಾರಾದರೂ ‘ನೋಡೋಣ’ ಎಂದರೆ ಅವರು ನೋಡುವುದಿಲ್ಲ ಎಂದೇ ಅರ್ಥ. ಈ ವರ್ಷ ಬಾರದಿದ್ದರೆ ಮುಂದಿನ ವರ್ಷ ಕರೆಯಲು ನನಗೇ ನಾಲಿಗೆ ಏಳುವುದಿಲ್ಲ. ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೆ ಆರೋಗ್ಯ ವಿಚಾರಿಸಿಕೊಳ್ಳುವ ನೆಂಟರಾಗಿ ಉಳಿಯುತ್ತೇವೆ. ಅದು ನನಗೆ ಬೇಡವಾಗಿತ್ತು. ನನಗೆ ಅವರು ಬೇಕಾಗಿದ್ದರು. ಹಾಗೆಂದು ಫೋನಿನಲ್ಲಿ ಹೇಳಲು ಬಾರದೆ, “ಹೊಸ ತಿಂಡಿ ಒಂದು ಮಾಡ್ತಾ ಇದೀನಿ” ಎಂದುಬಿಟ್ಟೆ. “ನೀವಾ ಭಾವ?” ಎಂದಳು ಪ್ರಮೀಳ. ಆಮೇಲೆ ಬರುತ್ತೇನೆ ಎಂದಳು, ಬಹುಶಃ ಗಾಬರಿಯಿಂದ.

ತಿಂಡಿಯ ಆಯ್ಕೆಯಲ್ಲಿ ನಾನು ತಕ್ಕಷ್ಟು ಯೋಚಿಸಿದ್ದೆ. ಸೀಕರಣೆ ಮಾಡಿದರೆ ಅಕ್ಕನ ಸೀಕರಣೆ ನೆನಪಾಗುತ್ತದೆ, ಹೋಳಿಗೆ ಮಾಡಿದರೆ ಅಕ್ಕನ ಹೋಳಿಗೆ; ಅವಳು ಮಾಡಿದ್ದರ ಪಕ್ಕದಲ್ಲಿಟ್ಟರೆ ನನ್ನ ಕೈಯಡುಗೆ ಪಾಸಾಗುವ ಮಾತೇ ಇರಲಿಲ್ಲ. ಹಾಗಾಗಿ ಅವಳು ಜನ್ಮದಲ್ಲಿ ಮಾಡದಿದ್ದ, ಹೆಸರು ಕೂಡ ಕೇಳದಿದ್ದ ಪದಾರ್ಥವೇ ಆಗಬೇಕಿತ್ತು. ಹೋಲಿಸಲು ಇನ್ನೊಂದಿಲ್ಲದ ಕಡೆ ಸೋಲೂ ಇರುವುದಿಲ್ಲ ಎನ್ನುವುದು ನನ್ನ ಲೆಕ್ಕಾಚಾರ.

ಮೊದಲ ಅಡ್ಡಿ ಬಂದದ್ದು ಪಕ್ಕದ ಬೀದಿಯ ಶಾಹೀನಳಿಂದ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ಬೀಟರ್ ಎರವಲು ಕೇಳಲು ಹೋದಾಗ ನನ್ನ ಸಾಮಾನಿನ ಚೀಟಿಯನ್ನು ಓದಿ, ಪರೀಕ್ಷೆಯಲ್ಲಿ ನಾನು ಅವಳ ಉತ್ತರಪತ್ರಿಕೆ ನೋಡುತ್ತಿದ್ದ ಹಾಗೆ ತಲೆಯಾಡಿಸಿದಳು.

“ಸಾರ್, ಈ ಜೆಲಟಿನ್ ಅಂದ್ರೆ ಮೂಳೆ, ಚರ್ಮ ಬೇಯ್ಸಿ ತೆಗೆಯೋದು. ನಿಮ್ಮೋರು ಶನಿವಾರ ಮೊಟ್ಟೇನೂ ಮುಟ್ಟಲ್ವಲ್ಲ? ಯಾವ ಪ್ರಾಣೀದು ಅಂತ ಗೊತ್ತಿಲ್ದೆ ನಾವೂ ಮುಟ್ಟಲ್ಲ. ಚೀನಾ ಗ್ರಾಸ್ ಹಾಕಿ, ಅದು ಸಮುದ್ರದ ಪಾಚೀದು. ರಂಜಾನಲ್ಲಿ ಪುಡ್ಡಿಂಗಿಗೆ ಅಮ್ಮಿ ಅದೇ ಹಾಕೋದು.”

“ಮೊಟ್ಟೆ ಬಿಳಿಗೆ ಏನು ಮಾಡ್ಲಮ್ಮ?”

“ಕಾಬೂಲ್ ಕಡಲೆ ಬೇಯ್ಸಿದ ಕಟ್ಟು ಇರ್ತದಲ್ಲ ಸಾರ್, ಅದನ್ನ ಬೀಟರ್‌ನಾಗೆ ಹೊಡೀರಿ. ನೊರೆ ಹೆಂಗ್ ಬರ್ತದೆ ನೋಡಿ.”

ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರಾಗುವುದನ್ನು ನಲವತ್ತು ವರ್ಷ ಕಂಡಿದ್ದೆ, ಮೋಡವಾಗುವುದನ್ನು ಕಂಡಿರಲಿಲ್ಲ. ಹತ್ತೇ ನಿಮಿಷದಲ್ಲಿ ಅದು ಪಾತ್ರೆಯ ಅಂಚಿನವರೆಗೆ ಬೆಳ್ಳಗೆ ಎದ್ದು ನಿಂತಿತು. ಅದನ್ನು ಮೂರು ಪಾಲು ಮಾಡಿ ಒಂದಕ್ಕೆ ಮಾವು, ಇನ್ನೊಂದಕ್ಕೆ ನೇರಳೆ, ಮತ್ತೊಂದಕ್ಕೆ ಶುಂಠಿ ಬೆರೆಸಿ, ಚೀನಾ ಗ್ರಾಸ್ ಕರಗಿಸಿದ ಬಿಸಿ ಪಾಕವನ್ನು ಎಳೆಯಾಗಿ ಸುರಿಯುತ್ತಾ ಹೊಡೆದೆ. ಚೌಕ ಟ್ರೇ ಇಲ್ಲದ್ದರಿಂದ ಇಡ್ಲಿ ತಟ್ಟೆಗಳಿಗೆ ಹಾಕಿದೆ. ಎರಡೆರಡನ್ನು ಚಪ್ಪಟೆ ಬದಿ ಸೇರಿಸಿ ಅಂಟಿಸಿದಾಗ ಹಳದಿ, ನೇರಳೆ, ಬಿಳಿ ಬಣ್ಣದ ದುಂಡನೆಯ ಉಂಡೆಗಳಾದವು. ಆ ಐದು ನಿಮಿಷ ನನಗೆ ನನ್ನ ಮೇಲೆ ಬಹಳ ಗೌರವವಿತ್ತು.

ಆದರೆ ಉಂಡೆಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದವು. ಮೇಲೆ ಉದುರಿಸಬೇಕಾದ ಕಾರ್ನ್‌ಫ್ಲೋರ್ ಡಬ್ಬದಲ್ಲಿ ಹುಳುಗಳು ಸಂಸಾರ ಹೂಡಿದ್ದವು. ಹೊರಗೆ ಶ್ರೀರಾಮಪ್ಪನ ಗಾಡಿಯ ಸದ್ದು. ಕಪಾಟಿನ ಮೂಲೆಯಲ್ಲಿದ್ದ ಸ್ಟೀಲ್ ಡಬ್ಬ ತೆಗೆದೆ, ರಾಗಿ ಹುರಿಹಿಟ್ಟಿತ್ತು, ನುಣ್ಣಗೆ, ಒಣಗಿಕೊಂಡು. ಅಷ್ಟನ್ನೂ ತಟ್ಟೆಗೆ ಸುರಿದು ಉಂಡೆಗಳನ್ನು ಹೊರಳಿಸಿದೆ. ಅಂಟು ಬಿಟ್ಟಿತು. ಮೂರು ಬಣ್ಣಗಳೂ ಒಂದೇ ಬಣ್ಣವಾದವು, ಮತ್ತು ಆ ಬಣ್ಣ ಕೋಲಾರ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಬಣ್ಣ.

ಊಟ ಮೆಸ್ಸಿನಿಂದ ತರಿಸಿದ್ದೆ. ಅನ್ನ, ಸಾಂಬಾರು, ಬೀನ್ಸ್ ಪಲ್ಯ. ಮೂವರೂ ಎಲೆಯ ಮುಂದೆ ಕುಳಿತೆವು. ಪ್ರಮೀಳ ಅಡುಗೆಮನೆಯ ಬಾಗಿಲ ಕಡೆ ನೋಡುವುದು, ತಕ್ಷಣ ಎಲೆ ನೋಡುವುದು ಮಾಡುತ್ತಿದ್ದಳು. ಶ್ರೀರಾಮಪ್ಪ ನಡುವೆ ಇಟ್ಟಿದ್ದ ತಟ್ಟೆಯಿಂದ ತಾನೇ ಒಂದು ಉಂಡೆ ತೆಗೆದುಕೊಂಡ, ಸಾಂಬಾರು ಹಾಕಿಸಿಕೊಂಡ, ಮುರಿದ, ಅದ್ದಿದ, ಮತ್ತು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಂತೆ ಹಲ್ಲಿಗೆ ತಾಗಿಸದೆ ನುಂಗಿದ. ಮುದ್ದೆಯನ್ನು ಅಗಿಯುವವರನ್ನು ಅವರ ಮನೆಯಲ್ಲಿ ಹೊರಗಿನವರೆಂದು ಲೆಕ್ಕ ಹಾಕುತ್ತಾರೆ.

ಗಾಳಿ ತುಂಬಿದ ವಸ್ತು ಮುದ್ದೆಯಂತೆ ಇಳಿಯುವುದಿಲ್ಲ. ಅದು ಗಂಟಲಿನಲ್ಲಿ ನಿಂತು ಯೋಚಿಸಿತು. ಶ್ರೀರಾಮಪ್ಪನ ಕಣ್ಣುಗಳು ದೊಡ್ಡವಾದವು. ಪ್ರಮೀಳ ಬೆನ್ನಿಗೆ ಗುದ್ದಿದಳು, ನಾನು ಎರಡು ಲೋಟ ನೀರು ಕುಡಿಸಿದೆ. ಮುಗಿಯಿತು, ಕರೆಸಿ ಉಸಿರುಗಟ್ಟಿಸಿದ ಭಾವನ ಮನೆಗೆ ಇನ್ನು ಯಾರು ಬರುತ್ತಾರೆ ಎಂದುಕೊಂಡೆ. ಅವನು ಕಣ್ಣೊರೆಸಿಕೊಂಡು, ಯಾರನ್ನೂ ನೋಯಿಸದ ಸ್ವರದಲ್ಲಿ ಹೇಳಿದ: “ಭಾವ, ಮುದ್ದೆ ಸ್ವಲ್ಪ ಸಿಹಿಯಾಯ್ತು.”

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಮಾರ್ಷ್‌ಮ್ಯಾಲೋ, ಚೀನಾ ಗ್ರಾಸ್, ಕಡಲೆಯ ಕಟ್ಟು.

“ಕಟ್ಟಿಂದ ಮಾಡಿ ರಾಗಿ ಹಿಟ್ಟಲ್ಲಿ ಹೊರಳಿಸಿದ್ರೆ ಮುದ್ದೆ ಬಸ್ಸಾರು ಅಲ್ದೆ ಇನ್ನೇನ್ ಭಾವ?” ಎಂದ ಅವನು. ಸರೋಜಳ ಅಡುಗೆಯಿಂದ ತಪ್ಪಿಸಿಕೊಳ್ಳಲೆಂದು ಅಷ್ಟು ದೂರದ ತಿಂಡಿಯನ್ನು ಹುಡುಕಿ, ಕೊನೆಗೆ ಅವಳ ಅಡುಗೆಯನ್ನೇ ಕೆಡಿಸಿ ಬಡಿಸಿದ್ದೆ.

ಪ್ರಮೀಳ ಒಂದು ಉಂಡೆ ತೆಗೆದುಕೊಂಡು, ಅಗಿಯುತ್ತಾ ಅರ್ಧಕ್ಕೇ ನಿಲ್ಲಿಸಿದಳು. ಇನ್ನೊಂದನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಬೆರಳಿಗಂಟಿದ ಹಿಟ್ಟನ್ನು ಚಿಕ್ಕ ಮಗುವಿನಂತೆ ನೆಕ್ಕಿದಳು.

“ಇದು ಅಕ್ಕನ ಹುರಿಹಿಟ್ಟು ಅಲ್ವಾ ಭಾವ? ಏಲಕ್ಕಿ ಜೊತೆ ಮೆಂತ್ಯ ಹುರ್ದು ಹಾಕೋಳು ಅವಳೊಬ್ಳೇ. ಇನ್ನೂ ಐತಾ?”

ಇರಲಿಲ್ಲ. ಸರೋಜ ಕೈಯಾರೆ ಹುರಿದು ಬೀಸಿಸಿಟ್ಟಿದ್ದ ಕಡೆಯ ಹಿಟ್ಟನ್ನು, ಉಂಡೆಗಳು ಅಂಟದಿರಲಿ ಎಂದು ಒಂದೇ ಸಲಕ್ಕೆ ಮುಗಿಸಿದ್ದೆ. ಡಬ್ಬ ತೆರೆದಾಗ ಅದು ಯಾರ ಹಿಟ್ಟು ಎನ್ನುವ ಯೋಚನೆಯೇ ನನಗೆ ಬಂದಿರಲಿಲ್ಲ. ಎಂಟು ತಿಂಗಳಲ್ಲಿ ನಾಲ್ಕು ಜನರ ಮುಂದೆ ಅಳದವನು ಅಂದು ಸಾಂಬಾರಿನ ಎಲೆಯ ಮುಂದೆ ಅತ್ತೆ. ಅವರಿಬ್ಬರೂ ಸಮಾಧಾನ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಆಮೇಲೆ ಮೂವರೂ ಸೇರಿ ಆ ಉಂಡೆಗಳನ್ನು ಒಂದೂ ಬಿಡದೆ ತಿಂದೆವು. ಶ್ರೀರಾಮಪ್ಪ ಅಗಿದೇ ತಿಂದ. ತಟ್ಟೆಯಲ್ಲಿ ಉಳಿದ ಹಿಟ್ಟನ್ನು ಪ್ರಮೀಳ ಕೈಯಲ್ಲಿ ಒತ್ತರಿಸಿ ಮೂರು ಪಾಲು ಮಾಡಿದಳು.

ಸಂಜೆ ಹಣ್ಣಿನ ಚೀಲಗಳನ್ನು ಗಾಡಿಗೆ ಹಾಕುವಾಗ ನೋಡಿದೆ, ಖಾಲಿ ಸ್ಟೀಲ್ ಡಬ್ಬ ಪ್ರಮೀಳಳ ಕಂಕುಳಲ್ಲಿತ್ತು.

“ರಾಗಿ ನೆನೆಸಿ, ಅರಳು ಹುರ್ದು, ಮಿಲ್ಲಿಗೆ ಹಾಕ್ಸಬೇಕು. ಒಂದ್ ತಿಂಗ್ಳು ಬಿಟ್ಟು ತರ್ತೀನಿ ಭಾವ” ಎಂದಳು. ಗಾಡಿ ಹತ್ತಿ ಕೂತ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಅಕ್ಕನ ಥರ ಬರಲ್ಲ. ಅದಕ್ಕೆ ನೀವು ಬೈಬಾರ್ದು.”

“ಬೈತೀನಿ,” ಎಂದೆ. “ಬೈಸ್ಕೊಳ್ಳೋಕಾದ್ರೂ ಬಾ.”