ಅಪ್‌ಡೇಟ್ ಆಗುತ್ತಿದ್ದ ಶೂ

ಗೆಳೆಯರೇ, ಇವತ್ತು ಬೆಳಿಗ್ಗೆ ಅಲ್ಲಾಳಸಂದ್ರದಲ್ಲಿ ನಮ್ಮ, ಅಂದರೆ ನಲವತ್ತು ದಾಟಿದವರ, ಬಾಸ್ಕೆಟ್‌ಬಾಲ್ ಆಟ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಕಾರಣ, ನನ್ನ ಹೈಸ್ಕೂಲ್ ಗೆಳೆಯ, ಈಗ ಹತ್ತಿರದ ಕೋಗಿಲಿನಲ್ಲಿ ಬಿಲ್ಡರ್ ಆಗಿರುವ ನಾಗರಾಜನ ಶೂ ಅಪ್‌ಡೇಟ್ ಆಗುತ್ತಿತ್ತು.

ಅಮೆರಿಕದಲ್ಲಿ ದೊಡ್ಡ ದೊಡ್ಡ ಆಟಗಾರರು ಹಾಕುವ ಬ್ರ್ಯಾಂಡಿನ ಹೊಸ ಶೂ. ಲೇಸ್ ಕಟ್ಟುವ ಕೆಲಸವಿಲ್ಲ. ಮೊಬೈಲ್ ಒತ್ತಿದರೆ ಒಳಗಿನ ಮೋಟಾರು ತಾನೇ ಬಿಗಿ ಮಾಡುತ್ತದಂತೆ. ಇವತ್ತು ಎಷ್ಟು ಒತ್ತಿದರೂ ಅದು ಮಿಸುಕಲಿಲ್ಲ.

“ಒಂದ್ನಿಮಿಷ ಇರು ಮಗಾ, ಸಾಫ್ಟ್‌ವೇರ್ ಇಳೀತಾ ಐತೆ,” ಎಂದ.

“ನೀನ್ ಆಡೋಕ್ ಬಂದಿದ್ಯೋ, ಫೋನ್ ನೋಡೋಕ್ ಬಂದಿದ್ಯೋ?” ಎಂದು ರೇಗಿ, ಅವನನ್ನು ಹೊರಗೆ ಕೂರಿಸಿ ಆಟ ಶುರು ಮಾಡಿದೆವು.

ಹೈಸ್ಕೂಲಿನಲ್ಲಿ ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಜೊತೆ ಕ್ಯಾನ್ವಾಸ್ ಶೂ, ಯಾವ ಬ್ರ್ಯಾಂಡೂ ಇಲ್ಲದ್ದು. ಅವನು ಹೊರಗೆ ಬಂದರೆ ನಾನು ಒಳಗೆ. ಗೆರೆಯ ಪಕ್ಕ ಕೂತು ಅವನು ಬಿಚ್ಚುತ್ತಿದ್ದಂತೆ ನಾನು ಕಾಲು ತೂರಿಸುತ್ತಿದ್ದೆ. ಒಳಗೆ ಅವನ ಕಾಲಿನ ಬಿಸಿ ಹಾಗೇ ಇರುತ್ತಿತ್ತು. ನಾವು ಲೇಸ್ ಕಟ್ಟುವವರೆಗೆ ರೆಫರಿ ಬಾಯಲ್ಲಿ ಸೀಟಿ ಇಟ್ಟುಕೊಂಡೇ ಕಾಯುತ್ತಿದ್ದರು.

ಇವತ್ತು ನಾನು ಏದುಸಿರು ಬಿಡುತ್ತಾ ಹೊರಗೆ ಬಂದಾಗ ನಾಗರಾಜ ಆ ಶೂ ಕಳಚಿಟ್ಟು, ಎರಡೂ ಕಾಲು ಚಾಚಿದ. ನಾನು ಗೆರೆಯ ಪಕ್ಕ ಕೂತು ನನ್ನ ಶೂ ಬಿಚ್ಚಿ ಕೊಟ್ಟೆ.

ಲೇಸ್ ಕಟ್ಟಿಕೊಂಡು ಎದ್ದವನು ಮೂಗು ಮುಚ್ಚಿಕೊಂಡ. “ಏನ್ ಟೆಕ್ನಾಲಜಿ ಬಂದ್ರೂ ನಿನ್ ಕಾಲ್ ವಾಸನೆ ಮಾತ್ರ ಅಂಗೇ ಐತೆ ಕಣೋ.”

ಅವನು ಆಡಿದ. ಅಪ್‌ಡೇಟ್ ಮುಗಿಯದೆ ಇನ್ನೂ ಮಿಣಮಿಣ ಎನ್ನುತ್ತಿದ್ದ ಅವನ ದುಬಾರಿ ಶೂಗೆ ನಾನು ಬರಿಗಾಲಲ್ಲಿ ಕಾವಲು ಕೂತೆ.