ಕಾಕಾ ಒತ್ತೆಯಿಟ್ಟ ಬಲೆ

ಕಾಕಾ ಅವರ ಬಲಗೈ ಹೆಬ್ಬೆರಳಿನ ನಡುವೆ ಒಂದು ಗೆರೆ ಇತ್ತು. ಬಲೆಯ ದಾರ ಎಳೆದೆಳೆದು ಚರ್ಮದೊಳಗೆ ಇಳಿದ ಗೆರೆ, ಉಗುರು ಇಟ್ಟರೆ ಕೂರುವಷ್ಟು ಆಳ. ಹೀಗಾಗಿ ಯಾವ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರೂ ಮಸಿಯ ನಡುವೆ ಬಿಳಿ ಪಟ್ಟಿಯೊಂದು ಉಳಿಯುತ್ತಿತ್ತು. ಮೊದಲ ಸಲ ಮಸಿ ಸರಿಯಾಗಿ ಹತ್ತಿಲ್ಲವೆಂದುಕೊಂಡು ನಾನು ಮತ್ತೊಮ್ಮೆ ಒತ್ತಿಸಿದೆ. ಮತ್ತೆ ಅದೇ ಪಟ್ಟಿ. "ಇನ್ನ ಹತ್ತು ಸಲ ಒತ್ತಿಸ್ರಿ ಸಾಹೇಬ್ರ, ಅಲ್ಲಿ ಮಸಿ ಹತ್ತಂಗಿಲ್ಲ" ಅಂತ ಅವರು ನಕ್ಕರು.

ಎಪ್ಪತ್ತರ ದಶಕದ ಮಾತು. ನಾನಾಗ ಹುಮನಾಬಾದಿನ ಒಂದು ಸರಕಾರಿ ಕಚೇರಿಯಲ್ಲಿ ಇನ್ನೂ ಕಾಯಂ ಆಗದ ನೌಕರ. ಬಸವಕಲ್ಯಾಣದ ಕಡೆ, ನಾರಾಯಣಪುರ ದಾಟಿದ ಮೇಲೆ ಸಿಗುವ ಕುರುಚಲು ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಿದ್ದ ಕೆಲವು ಮನೆತನಗಳನ್ನು ಸರಕಾರ ಹೊರಗೆ ತಂದು ತಗಡಿನ ಮನೆಗಳ ಸಾಲಿನಲ್ಲಿ ಕೂರಿಸಿತ್ತು. ಹೊಲ ಕೊಡುತ್ತೇವೆ ಅಂದಿತ್ತು. ಆ ಯೋಜನೆಯಿಂದ ಅವರಿಗೆ ಎಷ್ಟು ಒಳಿತಾಗಿದೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಒಳಿತಾಗಿದೆ ಎಂಬುದನ್ನು ಮೇಲಿನವರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಎಷ್ಟು ಎಂಬುದಷ್ಟೇ ನನಗೆ ಉಳಿದಿತ್ತು.

ಊರವರು ಅವರನ್ನು ಶಿಕಾರಿ ಮಂದಿ ಅನ್ನುತ್ತಿದ್ದರು. ಅವರಲ್ಲಿ ಹಿರಿಯರಾದ ಇವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಕಾಕಾ ಸರಕಾರ ಕೊಟ್ಟ ಮನೆಯೊಳಗೆ ಇರುತ್ತಿರಲಿಲ್ಲ. ಒಳಗೆ ಜೋಳದ ದಂಟು ಒಟ್ಟಿ, ತಾವು ಹೊರಗೆ ಗೋಡೆಗೆ ಒರಗಿ ಕೂರುತ್ತಿದ್ದರು. "ಒಳಗ ಕುಂತ್ರ ಏನೂ ಕೇಳಂಗಿಲ್ರಿ" ಅನ್ನುವರು. ಮಾತಾಡುತ್ತಿದ್ದಂತೆಯೇ ಥಟ್ಟನೆ ಕೈ ಎತ್ತಿ ನನ್ನ ಬಾಯಿ ಮುಚ್ಚಿಸುವರು. ಎಲ್ಲೋ ಕವುಜುಗ ಹಕ್ಕಿ ಕೂಗುತ್ತಿರುತ್ತಿತ್ತು. "ಅದರ ಹಿಂದ ಮರಿ ಅವ. ಅದನ್ನ ಹಿಡೀಬಾರ್ದು." ನನ್ನ ನಮೂನೆಯಲ್ಲಿ ಇದನ್ನು ಬರೆಯಲು ಜಾಗ ಇರಲಿಲ್ಲ.

ಅದರಲ್ಲಿ ಇದ್ದದ್ದು 'ಬೇಟೆ ಬಿಟ್ಟಿದ್ದಾರೆಯೇ?' ಎಂಬ ಕಾಲಂ. ಬಿಟ್ಟಿದ್ದರೆ ಪುರಾವೆ ಬೇಕು ಅಂದರು ನಮ್ಮ ಮೇಲಧಿಕಾರಿ. ಬಿಟ್ಟಿದ್ದಕ್ಕೆ ಪುರಾವೆ ಎಲ್ಲಿಂದ ತರುವುದು? ತಲೆ ಕೆರೆದುಕೊಂಡು ಕೊನೆಗೆ ಕಾಕಾನ ಮುಂದೆ ಹೇಳಿದೆ: "ಕಾಕಾ, ನಿಮ್ಮ ಬಲೆ ಕಚೇರಿಗೆ ಕೊಟ್ರ ಹೊಲದ ಕೆಲಸ ಲಗೂನ ಆಗ್ತದ."

ಅವರು ಎದ್ದು ಕೈಕಾಲು ತೊಳೆದು ಬಂದು, ನೆರೆಯ ನಾಲ್ಕು ಜನರನ್ನು ಕರೆದು ಕೂರಿಸಿ, ಅವರೆದುರಿಗೆ ಎರಡೂ ಕೈಯಿಂದ ಬಲೆಯನ್ನು ನನ್ನ ತೊಡೆಯ ಮೇಲಿಟ್ಟರು. "ಹೊಲ ಬಂದ್ರ ಬಲೆ ನಿಮ್ದು. ಬರ್ಲಿಲ್ಲಂದ್ರ ನಮ್ದು ನಮಗ ಕೊಡ್ರಿ." ನಾನು ಹೂಂ ಅಂದೆ. ಹಾಗೆ ಅನ್ನುವಾಗ ವಾಚು ನೋಡುತ್ತಿದ್ದೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸು ತಪ್ಪೀತೆಂಬ ಚಿಂತೆ ನನಗೆ.

'ಫಲಾನುಭವಿಗಳು ಸ್ವಇಚ್ಛೆಯಿಂದ ಬೇಟೆಯ ಸಾಧನಗಳನ್ನು ಒಪ್ಪಿಸಿದ್ದಾರೆ' ಎಂದು ವರದಿಯಲ್ಲಿ ಬರೆದೆ. ಬಲೆ ವರದಿಯ ಜೊತೆ ಬೀದರಿಗೆ ಹೋಯಿತು. ಮೇಲಧಿಕಾರಿ ನನ್ನ ಬೆನ್ನು ತಟ್ಟಿದರು. ಯೋಜನೆ ಸಫಲವಾಗಿದೆ ಎಂದು ಮೇಲಿನಿಂದ ಒಂದು ಕಾಗದ ಬಂತು. ಸಫಲವಾದ ಯೋಜನೆಯನ್ನು ಇನ್ನು ಮುಂದುವರಿಸಬೇಕಾಗಿಲ್ಲ ಎಂದು ಇನ್ನೊಂದು ಬಂತು. ಹೊಲದ ಕಡತ ಅಲ್ಲಿಗೆ ಮುಚ್ಚಿತು.

ಕಾಕಾ ತಿಂಗಳಿಗೊಮ್ಮೆ ಹುಮನಾಬಾದಿಗೆ ಬಂದು, ಕಚೇರಿಯ ಹೊರಗೆ ಸೈಕಲ್ಲುಗಳ ಪಕ್ಕದಲ್ಲಿ ಕೂರುತ್ತಿದ್ದರು.

"ಹೊಲ ಬಂತೇನ್ರಿ ಸಾಹೇಬ್ರ?"

"ಇನ್ನಾ ಇಲ್ಲ ಕಾಕಾ."

"ಮತ್ತ ನನ್ನ ಬಲೆ?"

"ಬೀದರ್‌ದಾಗ ಅದ."

ಒಂದು ದಿನವೂ ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಪಾರಾಗುತ್ತಿದ್ದೆ. ಒಮ್ಮೆ ರೇಗಿ, "ಬ್ಯಾರೆ ಒಂದು ಹೆಣಕೊಳ್ರಲಾ ಕಾಕಾ, ಯಾಕ ಅದನ್ನೇ ಕೇಳಾಕತ್ತೀರಿ?" ಅಂದುಬಿಟ್ಟೆ. ಹೊಲಸು ಮಾತು ಕೇಳಿದವರಂತೆ ಮುಖ ತಿರುಗಿಸಿದರು. "ಒಂದು ನಿಮ್ಮ ಕಡೆ ಒತ್ತಿ ಇಟ್ಟು ಇನ್ನೊಂದು ಹ್ಯಾಂಗ ಹೆಣೀಲ್ರಿ? ನಾಕು ಮಂದಿ ಮುಂದ ಇಟ್ಟೀನಿ."

ಆಗಲೇ ನನಗೆ ತಿಳಿದದ್ದು. ಅವರಲ್ಲಿ ಮದುವೆಯ ಮಾತಾಗಲಿ, ಜಗಳದ ತೀರ್ಮಾನವಾಗಲಿ, ನಡುವೆ ಬಲೆ ಇಡುತ್ತಾರೆ. ಇಟ್ಟುಕೊಂಡವನು ಮಾತು ನಡೆಸಬೇಕು, ಇಲ್ಲವೇ ಬಲೆಯನ್ನು ಹಿಂದಕ್ಕೆ ಕೊಡಬೇಕು. ಅಲ್ಲಿಯ ತನಕ ಕೊಟ್ಟವನು ಬೇರೆ ಬಲೆ ಮುಟ್ಟುವ ಹಾಗಿಲ್ಲ. ಆ ವಯಸ್ಸಿನಲ್ಲಿ ಕಾಕಾ ಮುರಕಲ್ಲಿನ ಗಣಿಯಲ್ಲಿ ಕಲ್ಲು ಹೊರುತ್ತಿದ್ದರು. ಹೊಟ್ಟೆಗೆ ಸಾಲುತ್ತಿರಲಿಲ್ಲ, ಕೆಮ್ಮು ಬಿಡುತ್ತಿರಲಿಲ್ಲ. ಅವರು ನಿಜವಾಗಿಯೂ ಬೇಟೆ ಬಿಟ್ಟಿದ್ದರು. ನನ್ನ ವರದಿಯಲ್ಲಿ ಆ ಒಂದು ಸಾಲಾದರೂ ಸುಳ್ಳಾಗಲಿಲ್ಲ.

ಬೀದರಿಗೆ ಹೋದೆ. ದಾಸ್ತಾನು ಕೋಣೆಯ ಮೂಲೆಯಲ್ಲಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಬಲೆ ಬಿದ್ದಿತ್ತು. ಅಲ್ಲಿನ ಗುಮಾಸ್ತರು ಒಳ್ಳೆಯವರೇ. "ಬೇಕಾದ್ರ ಒಯ್ರಿ. ಆದ್ರ ಅವರು ಶಿಕಾರಿ ಬಿಟ್ಟಿಲ್ಲ, ನನ್ನ ವರದಿ ತಪ್ಪು ಅಂತ ಬರಕೊಡ್ರಿ" ಅಂದರು. ಪೆನ್ನನ್ನೂ ಮುಂದಿಟ್ಟರು. ಆ ವರ್ಷ ನಾನು ಕಾಯಂ ಆಗುವುದಿತ್ತು. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಬಲೆಯನ್ನು ಒಮ್ಮೆ ಮುಟ್ಟಿ ನೋಡಿದೆ, ಬಂದುಬಿಟ್ಟೆ. ಇಷ್ಟು ವರ್ಷವಾದರೂ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮುಂದಿನ ತಿಂಗಳು ಬಂದಾಗ ಕಾಕಾ ಹೊಲದ ಸುದ್ದಿ ಎತ್ತಲಿಲ್ಲ. "ಬಲೆ ಒಂದು ಕೊಟ್ಟುಬಿಡ್ರಿ, ಸಾಕು" ಅಂದರು. ಬೀದರಿಗೆ ಹೋಗಲು ಬಿಡುವಾಗಿಲ್ಲ ಅಂದೆ. ಅವರು ನಂಬಿದರು. ಆಮೇಲೆ ಬರಲಿಲ್ಲ.

ಕಾಕಾ ಹೋದ ಸುದ್ದಿಯನ್ನು ಅವರ ಹೆಂಡತಿಯೇ ಹೇಳಿಕಳಿಸಿದ್ದರು. ನಾನು ಮುಟ್ಟುವ ಹೊತ್ತಿಗೆ ಕುಣಿ ತೋಡಿಯಾಗಿತ್ತು. ಎಲ್ಲರೂ ನನಗಾಗಿ ಕಾಯುತ್ತಿದ್ದರು. ಕಾಕಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ತಂದೀರೇನ್ರಿ?"

ಬೇಟೆಗಾರನನ್ನು ಮಣ್ಣು ಮಾಡುವಾಗ ಅವನ ಬಲೆಯ ದಾರವನ್ನು ಹೆಬ್ಬೆರಳಿಗೆ ಸುತ್ತಿ ಕಳಿಸುತ್ತಾರಂತೆ, ಮುಂದಿನ ದಾರಿಯಲ್ಲಿ ಉಪವಾಸ ಬೀಳಬಾರದೆಂದು. ನಾನು ಬರಿಗೈಯಲ್ಲಿ ಹೋಗಿದ್ದೆ. ಕಾಕಿ ಅಲ್ಲೇ ಬಿದ್ದಿದ್ದ ಗೋಣಿಚೀಲದಿಂದ ಒಂದೆಳೆ ಎಳೆದು ತೆಗೆದು, ಗಂಡನ ಹೆಬ್ಬೆರಳಿಗೆ ಸುತ್ತಿದರು. ಅದು ಆ ಗೆರೆಯೊಳಗೆ ಸರಿಯಾಗಿ ಕೂತಿತು. ಎಲ್ಲರೂ ಮಣ್ಣು ಹಾಕಿದರು. ನಾನು ಹಿಡಿಮಣ್ಣು ಎತ್ತಿಕೊಂಡಾಗ ಕಾಕಿ ನನ್ನ ಕೈ ಹಿಡಿದು ತಡೆದರು.

"ನೀವು ಬ್ಯಾಡ್ರಿ. ನಿಮ್ಮ ಕಡೆ ಅವರ ಬಲೆ ಅದ."