ಯಾರ ಮಾತು, ಎಷ್ಟು ದೂರ

ಲೋಕಲ್ ರೈಲು ನಡುದಾರಿಯಲ್ಲಿ ನಿಂತುಬಿಡಬಹುದಿತ್ತು. ಪ್ರೊಜೆಕ್ಟರ್ ಆನ್ ಆಗದೆ ಇರಬಹುದಿತ್ತು. ಅಲ್ಲಿನ ಮಾರ್ಕರ್ ಒಣಗಿರಬಹುದಿತ್ತು. ಅದಕ್ಕೆಂದೇ ನಾನು ಚೀಲದಲ್ಲಿ ಇಟ್ಟುಕೊಂಡಿದ್ದ ಮಾರ್ಕರುಗಳೂ ಒಗ್ಗಟ್ಟಾಗಿ ಒಣಗಬಹುದಿತ್ತು. ನನ್ನ ಹಿಂದಿ ಕೇಳಿ ವಿದ್ಯಾರ್ಥಿಗಳು ನಗಬಹುದಿತ್ತು, ಅಥವಾ ನಗದೆ ಪಾಪ ಎನ್ನಬಹುದಿತ್ತು. ಮುಂದಿನ ಬೆಂಚಿನವರಿಗೆ ನನಗಿಂತ ಹೆಚ್ಚು ಗೊತ್ತಿರಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮೆಟ್ರಿಕ್ ಎನ್ನಬೇಕಾದ ಕಡೆ ನಾನು ಅಡ್ಮಿನಿಸ್ಟ್ರೇಟಿವ್ ಡಿಸ್ಟನ್ಸ್ ಎಂದುಬಿಡಬಹುದಿತ್ತು.

ಈ ಕೊನೆಯದು ನಿಜವಾದ ಭಯ. ಇಪ್ಪತ್ತು ವರ್ಷಕ್ಕೂ ಮೇಲೆ ಒಂದು ಕಂಪನಿಯ ನೆಟ್‌ವರ್ಕ್ ನೋಡಿಕೊಂಡವನು ನಾನು. ಆ ವಿಭಾಗವನ್ನೇ ಮುಚ್ಚಿದಾಗ ಮನೆಯಲ್ಲಿ ಕೂತು ನನಗೆ ಬರುವ ಕೆಲಸಗಳನ್ನು ಲೆಕ್ಕ ಹಾಕಿದೆ: ಚಿಂತೆ ಮಾಡುವುದು, ರೌಟರ್ ಕೂರಿಸುವುದು. ಮೊದಲನೆಯದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಎರಡನೆಯದನ್ನು ಕಲಿಸಲು ಘಾಟ್ಕೋಪರ್‌ನ ತರಬೇತಿ ಕೇಂದ್ರವೊಂದು ಕರೆಯಿತು. ಒಂದು ಡೆಮೊ ಪಾಠ. ಒಪ್ಪಿಗೆಯಾದರೆ ಕೆಲಸ, ಇಲ್ಲವಾದರೆ ಮತ್ತೆ ಸೋಫಾ.

ಕೈ ಮಾಡುವ ಕೆಲಸಕ್ಕೆ ಹೆಸರು ಬೇಕಿಲ್ಲ. ಬಾಯಿ ಮಾಡುವ ಕೆಲಸಕ್ಕೆ ಬೇಕು. ಮಾಹಿತಿಗೆ ದಾರಿ ಆರಿಸುವ ಈ ರೌಟಿಂಗ್‌ನಲ್ಲಿ ಹೆಸರುಗಳೆಲ್ಲ ಅಕ್ಕತಂಗಿಯರಂತೆ. ರೌಟೆಡ್ ಪ್ರೋಟೊಕಾಲ್ ಎಂದರೆ ಮಾಹಿತಿಯನ್ನು ಹೊತ್ತು ಸಾಗುವ ಪದ್ಧತಿ. ರೌಟಿಂಗ್ ಪ್ರೋಟೊಕಾಲ್ ಎಂದರೆ ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂಬ ಸುದ್ದಿಯನ್ನು ರೌಟರುಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಪದ್ಧತಿ. ಇದು ಹೇಗೋ ಬಾಯಿಗೆ ಕೂತಿತ್ತು. ಆದರೆ ಮೆಟ್ರಿಕ್ ಮತ್ತು ಅಡ್ಮಿನಿಸ್ಟ್ರೇಟಿವ್ ಡಿಸ್ಟನ್ಸ್? ಎರಡೂ ಅಂಕಿಗಳೇ. ಎರಡರಲ್ಲೂ ಚಿಕ್ಕ ಅಂಕಿಯೇ ಗೆಲ್ಲುವುದು. ಬಾಯಿ ತೆರೆದರೆ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿತ್ತು.

ಪಾಠದ ಹಿಂದಿನ ಸಂಜೆ ಬೊರಿವಲಿಯ ನಮ್ಮ ಮನೆಯಲ್ಲಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸಕ್ಕಿಳಿದೆ. ಧಾರವಾಡದ ಕಡೆಯವಳು, ಮೆಂತ್ಯ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. ಮೂರನೆಯ ಸಲ ನಾನು ತಡವರಿಸಿದಾಗ ಅವಳು ಮಾತು ತಿರುಗಿಸಿದಳು.

"ಅದಿರಲಿ, ನಾಳೆ ಘಾಟ್ಕೋಪರಿಗೆ ಹೆಂಗ ಹೊಂಟೀರಿ?"

ಕಾಲೇಜಿಗೆ ಹೋಗುವ ಮಗಳು ಫೋನಿನಿಂದ ತಲೆ ಎತ್ತಿದಳು. "ಪಪ್ಪಾ, ಸಿಂಪಲ್ ಹೈ ನಾ! ಅಂಧೇರಿವರೆಗೆ ಲೋಕಲ್, ಆಮೇಲೆ ಮೆಟ್ರೋ. ಆ್ಯಪ್ ಅದೇ ಫಾಸ್ಟ್ ತೋರಿಸ್ತಿದೆ."

"ನಿನ್ನ ಆ್ಯಪಿಗೇನು ಗೊತ್ತು? ತಡಿ, ನಮ್ಮ ಅಣ್ಣನ್ನ ಕೇಳ್ತೀನಿ."

ಹೆಂಡತಿಯ ಅಣ್ಣ ಸಯನ್‌ನಲ್ಲಿರುವವನು, ಕೆಲಸಕ್ಕಾಗಿ ದಿನವೂ ಊರೆಲ್ಲ ಸುತ್ತುವವನು. ಸ್ಪೀಕರಿನಲ್ಲಿ ಅವನು ಎರಡು ದಾರಿ ಹೇಳಿದ. ಮನೆ ಬಾಗಿಲಿಂದಲೇ ರಿಕ್ಷಾ ಹಿಡಿದರೆ ಎಲ್ಲೂ ಬದಲಿಸುವ ಗೋಜಿಲ್ಲ. ಇಲ್ಲವಾದರೆ ದಾದರ್‌ಗೆ ಹೋಗಿ ಸೆಂಟ್ರಲ್ ಲೈನ್ ಹಿಡಿಯಬೇಕು. ಒಂದು ಕಡೆ ಇಳಿದು ಹತ್ತಬೇಕು, ಆದರೆ ಟ್ರಾಫಿಕ್‌ನ ಕಾಟವಿಲ್ಲ.

ಹೆಂಡತಿ ಫೋನಿಟ್ಟು ತೀರ್ಪು ಕೊಟ್ಟಳು. "ರಿಕ್ಷಾ ಬ್ಯಾಡ. ಇಳಿಯೋ ತ್ರಾಸ ಇಲ್ಲ ಖರೆ, ಆದ್ರ ಬೆಳಿಗ್ಗೆ ಆ ರಸ್ತಾದಾಗ ಕೂತ್ರ ನೀವು ಮುಟ್ಟೋದ್ರಾಗ ನೌಕರಿ ಬ್ಯಾರೆಯವ್ರಿಗೆ ಹೋಗಿರ್ತದ. ದಾದರ್ ಮ್ಯಾಲೆ ಹೋಗ್ರಿ."

"ಅಲ್ಲ ಕಣೆ, ಮೆಟ್ರೋ ಅದಕ್ಕಿಂತ ಬೇಗ ಅಂತ..."

"ಅದನ್ನ ಹೇಳಿದ್ದು ಯಾರು? ಆ್ಯಪು. ಇದನ್ನ ಹೇಳಿದ್ದು ಯಾರು? ನಮ್ಮ ಅಣ್ಣ. ಮುಗೀತು."

ಮಗಳು ಹಣೆ ಚಚ್ಚಿಕೊಂಡಳು. ನಾನು ಮಾತ್ರ ಹಿಗ್ಗಿ ಎದ್ದು ನಿಂತೆ. ಆ್ಯಪಿನ ದಾರಿಗೆ ಎಷ್ಟು ನಿಮಿಷ ಎಂದು ಹೆಂಡತಿ ಕೇಳಲೇ ಇಲ್ಲ! ಹೇಳಿದವರು ಬೇರೆ ಬೇರೆಯಾದಾಗ ಮೊದಲು ನೋಡುವುದು ಯಾರ ಮಾತಿಗೆ ಎಷ್ಟು ನಂಬಿಕೆ ಎಂಬುದನ್ನು: ಅದು ಅಡ್ಮಿನಿಸ್ಟ್ರೇಟಿವ್ ಡಿಸ್ಟನ್ಸ್. ಹೆಸರಿನಲ್ಲಿ ದೂರವಿದ್ದರೂ ಅದಕ್ಕೂ ದೂರಕ್ಕೂ ಸಂಬಂಧವಿಲ್ಲ. ಒಬ್ಬನೇ ಎರಡು ದಾರಿ ಹೇಳಿದಾಗ ಮಾತ್ರ ಯಾವುದು ಹಗುರ ಎಂದು ತೂಗಿದಳು: ಅದು ಮೆಟ್ರಿಕ್. ಬದಲಿಸುವ ನಿಲ್ದಾಣಗಳನ್ನಷ್ಟೇ ಎಣಿಸಿದ್ದರೆ ರಿಕ್ಷಾ ಗೆಲ್ಲುತ್ತಿತ್ತು. ರಿಪ್ ಎಂಬ ಹಳೆಯ ಪ್ರೋಟೊಕಾಲ್ ಹಾಗೆಯೇ ಎಣಿಸುತ್ತದೆ. ಅದರ ನಂತರ ಬಂದ ಓಎಸ್‌ಪಿಎಫ್ ದಾರಿ ಎಷ್ಟು ಅಗಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನನ್ನ ಹೆಂಡತಿ ಓಎಸ್‌ಪಿಎಫ್.

"ಏನ್ರೀ, ಹಂಗ್ಯಾಕ ನೋಡ್ಲಿಕ್ಹತ್ತೀರಿ?" ಎಂದಳು. ಹೊಗಳಿದರೆ ಅರ್ಥ ಹೇಳಬೇಕಾದೀತೆಂದು ನಾನೂ ಮೆಂತ್ಯ ಬಿಡಿಸಲು ಕೂತೆ.

ಮರುದಿನ ದಾದರ್ ಮೇಲೆಯೇ ಹೋದೆ. ಲೋಕಲ್ ನಡುದಾರಿಯಲ್ಲಿ ನಿಲ್ಲಲಿಲ್ಲ, ಪ್ರೊಜೆಕ್ಟರ್ ಬೆಳಗಿತು, ಮಾರ್ಕರ್ ಚೆನ್ನಾಗಿಯೇ ಬರೆಯಿತು. ತಯಾರಿಸಿದ್ದ ಸ್ಲೈಡುಗಳನ್ನು ಬದಿಗಿಟ್ಟು, ವಿದ್ಯಾರ್ಥಿಗಳತ್ತ ಮುಖ ಮಾಡಿಕೊಂಡೇ ಹಿಂದೆ ಕೈ ಚಾಚಿ ಬೋರ್ಡಿನ ಮೇಲೆ ನಮ್ಮ ಮನೆಯ ಜಗಳವನ್ನು ಬರೆದೆ. ಬೊರಿವಲಿ, ಅಂಧೇರಿ, ದಾದರ್, ಘಾಟ್ಕೋಪರ್, ನಡುವೆ ಗೆರೆಗಳು. ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

ಒಬ್ಬಳು ಕೈ ಎತ್ತಿ, ನಂಬಿದವರ ದಾರಿಯೇ ಉದ್ದವಾದರೆ ಎಂದು ಕೇಳಿದಳು. "ಸರ್, ಜಿಸ್ ಪೆ ಭರೋಸಾ ಹೈ, ಉಸ್ಕಾ ರಾಸ್ತಾ ಲಂಬಾ ನಿಕ್ಲಾ ತೋ?"

"ತೋ ಭೀ ವಹೀ," ಆದರೂ ಅದೇ ದಾರಿ, ಎಂದೆ. "ನಾನು ಮದುವೆಯಾದಾಗಿನಿಂದ ಹಾಗೆಯೇ ನಡೆಯುತ್ತಿದ್ದೇನೆ" ಎಂಬುದನ್ನೂ ನನ್ನ ಹಿಂದಿಯಲ್ಲೇ ಸೇರಿಸಿದೆ. ನಕ್ಕರು, ನಾನು ಹೆದರಿದ್ದ ನಗೆಯಲ್ಲ ಅದು.

ಕೇಂದ್ರದ ಮುಖ್ಯಸ್ಥೆ ಉಡುಪಿ ಕಡೆಯವರು. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲ ಕೇಳಿದ್ದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಪಾಠ ಲಾಯ್ಕ್ ಆಯ್ತು ಮಾರಾಯ್ರೆ. ಇವ್ರಿಗೆ ಇದು ಇನ್ನು ಮರೆಯೋದಿಲ್ಲ. ಸೋಮವಾರದಿಂದ ಬನ್ನಿ," ಎಂದರು. ಆಮೇಲೆ ಬೋರ್ಡಿನತ್ತ ತಿರುಗಿ ಸ್ವಲ್ಪ ಹೊತ್ತು ನೋಡಿದರು.

"ಆದ್ರೆ ನಮ್ಮ ಘಾಟ್ಕೋಪರನ್ನು ಯಾಕೆ ಸಮುದ್ರಕ್ಕೆ ಹಾಕಿದ್ರಿ?"

ತಿರುಗಿ ನೋಡಿದೆ. ಜನರತ್ತ ಮುಖ ಮಾಡಿ ಬರೆದಿದ್ದರಿಂದ ನನ್ನ ಬಲ ಬೋರ್ಡಿನ ಎಡವಾಗಿ, ಪೂರ್ವ ಪಶ್ಚಿಮವಾಗಿತ್ತು. ಬೊರಿವಲಿಯ ಎಡಕ್ಕೆ, ಅರಬ್ಬೀ ಸಮುದ್ರದೊಳಗೆ ಸಾಕಷ್ಟು ದೂರದಲ್ಲಿ, ದಪ್ಪ ಅಕ್ಷರಗಳಲ್ಲಿ ಘಾಟ್ಕೋಪರ್ ನಿಂತಿತ್ತು.